ರಾಷ್ಟ್ರೀಯ ಪಂಚಾಂಗ: ಮೇಘನಾದ ಸಾಹಾ ಅವರ ಲೆಕ್ಕ ದಾವಣಗೆರೆಗೆ ಹೊಂದುತ್ತದೆಯೇ?

ಯುಗಾದಿಗೆ ಇನ್ನೂ ತಿಂಗಳಿರುವಾಗಲೇ ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆಯ ಅಂಗಡಿಗಳಿಗೆ ಹೊಸ ಪಂಚಾಂಗಗಳು ಬಂದಿಳಿಯುತ್ತವೆ. ಮೈಸೂರು ಕಡೆಯವು, ಧಾರವಾಡ ಕಡೆಯವು, ಮಠಗಳವು. ಆ ಸಾಲಿನಲ್ಲಿ ಕಾಣಸಿಗುವುದೇ ಅಪರೂಪ ಎನ್ನಬಹುದಾದ ಇನ್ನೊಂದು ಪಂಚಾಂಗವಿದೆ. ಅದು ಭಾರತ ಸರ್ಕಾರವೇ ಹೊರತರುವ ರಾಷ್ಟ್ರೀಯ ಪಂಚಾಂಗ. ಹವಾಮಾನ ಇಲಾಖೆಗೆ ಸೇರಿದ ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಇದರ ಗಣಿತ ಮಾಡುತ್ತದೆ. ಕನ್ನಡವೂ ಸೇರಿ ಹತ್ತಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಕಟವಾಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ತಿಥಿ, ನಕ್ಷತ್ರ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದಕ್ಕೆ ಈ ಪುಸ್ತಕವನ್ನು ಧೈರ್ಯವಾಗಿ ನಂಬಬಹುದು. ಇದರ ಸೂರ್ಯೋದಯ, ಚಂದ್ರೋದಯದ ಅಂಕಿಗಳನ್ನು ಹಾಗೆಹಾಗೇ ದಾವಣಗೆರೆಗೆ ಹಚ್ಚಿದರೆ ಮಾತ್ರ ಮುಕ್ಕಾಲು ಗಂಟೆಯವರೆಗೂ ತಪ್ಪುತ್ತದೆ. ಅದಕ್ಕೊಂದು ತಿದ್ದುಪಡಿ ಬೇಕು, ಮುಂದೆ ಪೂರ್ತಿ ಕೊಟ್ಟಿದ್ದೇವೆ. ನಿತ್ಯ ಪೂಜೆಗೆ ಒಂದೇ ಪುಸ್ತಕ ಸಾಕು ಎನ್ನುವವರಿಗೆ ಇದು ಅಷ್ಟು ಅನುಕೂಲವಲ್ಲ. ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರಿಗೆ, ಪಂಚಾಂಗದ ಗಣಿತ ಕಲಿಯಬೇಕೆನ್ನುವ ಹುಡುಗರಿಗೆ ಮಾತ್ರ ಇಷ್ಟು ಉಪಯೋಗದ ಪುಸ್ತಕ ಇನ್ನೊಂದಿಲ್ಲ.

ಈ ಪುಸ್ತಕ ಹೀಗೇಕಿದೆ ಎಂದು ತಿಳಿಯಬೇಕಾದರೆ ಇದರ ಹಿಂದಿರುವ ಭೌತವಿಜ್ಞಾನಿ ಮೇಘನಾದ ಸಾಹಾ ಅವರನ್ನು ತಿಳಿಯಬೇಕು. ಢಾಕಾ ಬಳಿಯ ಸೇವರತಲಿ ಎಂಬ ಹಳ್ಳಿಯಲ್ಲಿ, ಸಣ್ಣ ಅಂಗಡಿಯವರ ಮನೆಯಲ್ಲಿ 1893ರ ಅಕ್ಟೋಬರ್ 6ರಂದು ಹುಟ್ಟಿದವರು. 1905ರಲ್ಲಿ ಬಂಗಾಳ ಒಡೆದ ಹೊತ್ತಿನಲ್ಲಿ ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದ್ದಕ್ಕೆ ಸರ್ಕಾರಿ ಶಾಲೆಯಿಂದ ಹೊರಬಿದ್ದರು, ಸ್ಕಾಲರ್‌ಶಿಪ್ಪೂ ಹೋಯಿತು. 1920ರಲ್ಲಿ ಅವರು ಕೊಟ್ಟ ಅಯಾನೀಕರಣ ಸಮೀಕರಣದಿಂದಲೇ ನಕ್ಷತ್ರದ ಬೆಳಕಿನಲ್ಲಿ ಕಾಣುವ ಗೆರೆಗಳನ್ನು ನೋಡಿ ಅದರ ತಾಪ ಲೆಕ್ಕ ಹಾಕುವುದು ಸಾಧ್ಯವಾಯಿತು. 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅಲಹಾಬಾದಿನಲ್ಲಿ ಹದಿನೈದು ವರ್ಷ ಪಾಠ ಮಾಡಿ 1938ರಲ್ಲಿ ಕಲ್ಕತ್ತಕ್ಕೆ ಮರಳಿದರು. ಅಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಅವರು ನಿಲ್ಲಲಿಲ್ಲ. 1935ರಲ್ಲಿ ಸೈನ್ಸ್ ಅಂಡ್ ಕಲ್ಚರ್ ಪತ್ರಿಕೆ ಶುರುಮಾಡಿದರು, ದಾಮೋದರ ನದಿಯ ನೆರೆ ತಡೆಯುವ ಯೋಜನೆಗೆ ತಲೆ ಕೊಟ್ಟರು, ಕಲ್ಕತ್ತದಲ್ಲಿ ಪರಮಾಣು ಭೌತವಿಜ್ಞಾನಕ್ಕೇ ಒಂದು ಸಂಸ್ಥೆ ಕಟ್ಟಿದರು. ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ 1948ರಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿ ಸದಸ್ಯರಾಗಿದ್ದರು. ಕಾಲೇಜಿಗೆ ಮೊದಲು ಹನ್ನೆರಡು ವರ್ಷದ ಓದು, ಆಮೇಲೆ ಮೂರು ವರ್ಷದ ಪದವಿ ಎಂದು ಹೇಳಿದ್ದು ಆ ಆಯೋಗವೇ. 1952ರ ಮೊದಲ ಮಹಾಚುನಾವಣೆಯಲ್ಲಿ ಕಲ್ಕತ್ತ ವಾಯವ್ಯ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಗೆದ್ದು ಲೋಕಸಭೆಗೆ ಹೋದರು. ನದಿ ಯೋಜನೆ, ನಿರಾಶ್ರಿತರು, ಶಿಕ್ಷಣ, ಪರಮಾಣು ಶಕ್ತಿ, ಯಾವುದರ ಮೇಲೂ ಸರ್ಕಾರವನ್ನು ಸುಮ್ಮನೆ ಬಿಡಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಪಂಚಾಂಗ ಸುಧಾರಣಾ ಸಮಿತಿ ರಚಿಸಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಎನ್.ಸಿ. ಲಾಹಿರಿ ಕಾರ್ಯದರ್ಶಿ. ಆಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳಿದ್ದವು. 1955ರಲ್ಲಿ ವರದಿ ಬಂತು. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲೇ ಸಾಹಾ ತೀರಿಕೊಂಡರು. ಹೊಸ ರಾಷ್ಟ್ರೀಯ ದಿನಾಂಕ ಜಾರಿಗೆ ಬಂದದ್ದು 1957ರ ಮಾರ್ಚ್ 22ಕ್ಕೆ, ಅಂದರೆ ಶಕ 1879ರ ಚೈತ್ರ 1ಕ್ಕೆ. ರಾಷ್ಟ್ರೀಯ ಪಂಚಾಂಗ ಹೊರಬರತೊಡಗಿದ್ದೂ ಆಗಲೇ. ಅವರ ರಾಜಕೀಯ ಜೀವನದಿಂದ ಒಬ್ಬ ಸಾಮಾನ್ಯ ಓದುಗ ಇಂದಿಗೂ ಕೈಯಲ್ಲಿ ಹಿಡಿಯಬಹುದಾದ ವಸ್ತು ಯಾವುದು ಎಂದರೆ ಈ ಪುಸ್ತಕವೇ.

ಇದು ದೃಗ್ಗಣಿತದ ಪಂಚಾಂಗ. ಚಂದ್ರ, ಸೂರ್ಯ ಆಕಾಶದಲ್ಲಿ ನಿಜವಾಗಿ ಎಲ್ಲಿರುತ್ತಾರೋ ಅದರ ಮೇಲೆ ಲೆಕ್ಕ. ಸೂರ್ಯಸಿದ್ಧಾಂತದಂಥ ಗ್ರಂಥಗಳ ಹಳೆಯ ಗಣಿತದಲ್ಲಿ ಚಂದ್ರನಿಗೆ ಒಂದೇ ಮುಖ್ಯ ಸಂಸ್ಕಾರ, ಅಂದರೆ ಸ್ಥಾನದ ತಿದ್ದುಪಡಿ, ಇತ್ತು. ಸೂರ್ಯನ ಸೆಳೆತದಿಂದ ಚಂದ್ರನ ಗತಿಯಲ್ಲಾಗುವ ಇನ್ನೆರಡು ದೊಡ್ಡ ಏರುಪೇರುಗಳು ಅದರಲ್ಲಿ ಸೇರಿರಲಿಲ್ಲ. ಒಂದು 1 ಡಿಗ್ರಿ 16 ಕಲೆಯಷ್ಟು, ಇನ್ನೊಂದು 39 ಕಲೆಯಷ್ಟು (60 ಕಲೆ ಸೇರಿದರೆ ಒಂದು ಡಿಗ್ರಿ). ಚಂದ್ರ ಸೂರ್ಯನಿಂದ ಗಂಟೆಗೆ ಸುಮಾರು ಅರ್ಧ ಡಿಗ್ರಿ ದೂರ ಸರಿಯುವುದರಿಂದ ಈ ಏರುಪೇರನ್ನು ಬಿಟ್ಟರೆ ತಿಥಿ ಗಂಟೆಗಟ್ಟಲೆ ಹಿಂದೆಮುಂದಾಗುತ್ತದೆ.

ಆದರೆ ಎಲ್ಲ ತಿಥಿಗಳಲ್ಲೂ ಒಂದೇ ಸಮನಾಗಿ ತಪ್ಪುವುದಿಲ್ಲ. ಹಳೆಯ ಸಂಸ್ಕಾರವನ್ನು ಗ್ರಹಣಗಳಿಗೆ ತಾಳೆಯಾಗುವಂತೆ ಹೊಂದಿಸಿದ್ದರಿಂದ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅದು ಚೆನ್ನಾಗಿಯೇ ಕೂಡಿಬರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ತಪ್ಪು ಅತಿ ಹೆಚ್ಚು, ಐದು ಗಂಟೆಯ ತನಕವೂ ಹೋಗುತ್ತದೆ. ಹುಣ್ಣಿಮೆಯ ಬಗ್ಗೆ ಜಗಳವಿಲ್ಲದ ಎರಡು ಪಂಚಾಂಗಗಳು ಕೃಷ್ಣಾಷ್ಟಮಿಗೆ ಬೇರೆ ಬೇರೆ ದಿನ ಹೇಳುವುದಕ್ಕೆ ಒಂದು ಕಾರಣ ಇದು. (ರೋಹಿಣಿ ನಕ್ಷತ್ರ ಬೇಕೋ, ಬರೀ ಅಷ್ಟಮಿ ಸಾಕೋ ಎಂಬ ಸಂಪ್ರದಾಯ ಭೇದ ಬೇರೆಯೇ ವಿಷಯ. ಅದನ್ನು ಯಾವ ಗಣಿತವೂ ಬಗೆಹರಿಸುವುದಿಲ್ಲ.)

ನಿಮ್ಮ ಮನೆಯಲ್ಲಿರುವ ಪಂಚಾಂಗ ಯಾವ ಗಣಿತದ್ದು ಎಂದು ಕಂಡುಹಿಡಿಯುವುದು ಸುಲಭ. ಹಳೆಯ ಗಣಿತದ ಕಟ್ಟಳೆ ಬಾಣವೃದ್ಧಿ ರಸಕ್ಷಯ: ತಿಥಿ 60 ಘಳಿಗೆಗಿಂತ ಬೆಳೆದರೆ ಐದು ಘಳಿಗೆ, ಕುಗ್ಗಿದರೆ ಆರು ಘಳಿಗೆ. ಘಳಿಗೆ ಎಂದರೆ 24 ನಿಮಿಷ, ಹಾಗಾಗಿ ತಿಥಿಯ ಅವಧಿ 21 ಗಂಟೆ 36 ನಿಮಿಷದಿಂದ 26 ಗಂಟೆಯೊಳಗೆ ಇರಬೇಕು. ನಿಜವಾದ ಚಂದ್ರ ಈ ಕಟ್ಟಳೆ ಕೇಳುವುದಿಲ್ಲ. ಅವನ ತಿಥಿ 20 ಗಂಟೆಗೂ ಇಳಿಯುತ್ತದೆ, 26 ಗಂಟೆ 45 ನಿಮಿಷವನ್ನೂ ಮುಟ್ಟುತ್ತದೆ. ಪಂಚಾಂಗದ ಮೂರು ನಾಲ್ಕು ತಿಂಗಳ ಪುಟ ತೆಗೆದು, ಒಂದು ತಿಥಿ ಮುಗಿದ ಹೊತ್ತಿನಿಂದ ಮುಂದಿನದು ಮುಗಿಯುವ ಹೊತ್ತಿನವರೆಗೆ ಎಣಿಸುತ್ತ ಹೋಗಿ. ಎಲ್ಲಾದರೂ 21 ಗಂಟೆ 36 ನಿಮಿಷಕ್ಕಿಂತ ಚಿಕ್ಕ ತಿಥಿ ಸಿಕ್ಕಿತೆಂದರೆ ಅದು ದೃಗ್ಗಣಿತ. ಒಂದೂ ಸಿಗದಿದ್ದರೆ ಹಳೆಯ ಗಣಿತ. ಈಗ ಅನೇಕ ಕನ್ನಡ ಪಂಚಾಂಗಗಳೂ ದೃಗ್ಗಣಿತಕ್ಕೆ ಬಂದಿರುವುದರಿಂದ, ನಿಮ್ಮದು ಈ ಪರೀಕ್ಷೆಯಲ್ಲಿ ಪಾಸಾದರೆ ತಿಥಿಗಾಗಿ ಮಾತ್ರ ಇನ್ನೊಂದು ಪುಸ್ತಕ ತರಿಸುವ ಅಗತ್ಯವಿಲ್ಲ.

ರಾಷ್ಟ್ರೀಯ ಪಂಚಾಂಗದ ಇನ್ನೊಂದು ಅನುಕೂಲವೆಂದರೆ ಸಮಯವೆಲ್ಲ ಗಂಟೆ ನಿಮಿಷದಲ್ಲಿ, ನಮ್ಮ ಗಡಿಯಾರದ ಸಮಯದಲ್ಲೇ ಇರುವುದು. ಘಳಿಗೆ ವಿಘಳಿಗೆಯಲ್ಲಿ ಕೊಟ್ಟರೆ ಅದು ಯಾವ ಊರಿನ ಸೂರ್ಯೋದಯದಿಂದ ಎಣಿಸಿದ್ದು ಎಂದು ಹುಡುಕಬೇಕಾಗುತ್ತದೆ. ತಿಥಿ ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ. ಪುಸ್ತಕದಲ್ಲಿ ಸಂಜೆ 4:20 ಎಂದಿದ್ದರೆ ದಾವಣಗೆರೆಯಲ್ಲೂ 4:20, ಹರಿಹರದಲ್ಲೂ 4:20, ಕೋಲ್ಕತ್ತದಲ್ಲೂ 4:20. ಇದಕ್ಕೆ ಏನನ್ನೂ ಕೂಡಿಸಬಾರದು, ಕಳೆಯಬಾರದು. ಸೂರ್ಯೋದಯದ ತಿದ್ದುಪಡಿ ಕಲಿತವರು ಅದೇ ಕೈಯಲ್ಲಿ ತಿಥಿಯನ್ನೂ ತಿದ್ದಿಬಿಡುತ್ತಾರೆ. ಸಾಮಾನ್ಯವಾಗಿ ಆಗುವ ತಪ್ಪು ಇದೇ.

ಸೂರ್ಯೋದಯದ ವಿಷಯ ಹಾಗಲ್ಲ. ಪುಸ್ತಕದ ದಿನವಹಿ ಸೂರ್ಯೋದಯ, ಸೂರ್ಯಾಸ್ತಗಳು ಒಂದು ಕಲ್ಪಿತ ಕೇಂದ್ರಕ್ಕೆ ಗಣಿಸಿದವು: ರೇಖಾಂಶ 82 ಡಿಗ್ರಿ 30 ಕಲೆ ಪೂರ್ವ, ಅಕ್ಷಾಂಶ 23 ಡಿಗ್ರಿ 11 ಕಲೆ ಉತ್ತರ. ರೇಖಾಂಶ ನಮ್ಮ ಪ್ರಮಾಣ ಸಮಯದ್ದು, ಅಕ್ಷಾಂಶ ಉಜ್ಜಯಿನಿಯದು. ಇಡೀ ದೇಶಕ್ಕೆ ಒಂದೇ ಪಂಚಾಂಗ ಬೇಕೆಂದಾಗ ನಡುವಿನ ಒಂದು ಬಿಂದುವನ್ನು ಆರಿಸುವುದು ಅನಿವಾರ್ಯವಾಗಿತ್ತು. ದಾವಣಗೆರೆ ಇರುವುದು ರೇಖಾಂಶ 75.92, ಅಕ್ಷಾಂಶ 14.46ರಲ್ಲಿ. ಪಶ್ಚಿಮಕ್ಕೆ 6.58 ಡಿಗ್ರಿ ಅಂತರ, ಡಿಗ್ರಿಗೆ 4 ನಿಮಿಷದಂತೆ 26 ನಿಮಿಷ ತಡ. ಇದು ವರ್ಷವಿಡೀ ಇರುವ ಅಂತರ. ಇದರ ಮೇಲೆ ಅಕ್ಷಾಂಶದ ಅಂತರ ಬೇರೆ. ಬೇಸಿಗೆಯಲ್ಲಿ ಉತ್ತರದ ಕಡೆ ಹಗಲು ಉದ್ದ, ಅಲ್ಲಿ ಸೂರ್ಯ ನಮಗಿಂತ ಇನ್ನೂ ಬೇಗ ಹುಟ್ಟುತ್ತಾನೆ. ಚಳಿಗಾಲದಲ್ಲಿ ಇದು ತಿರುಗಾಮುರುಗಾ ಆಗುತ್ತದೆ.

ಜೂನ್ 21ನ್ನು ತೆಗೆದುಕೊಳ್ಳಿ. ಕೇಂದ್ರದಲ್ಲಿ ಸೂರ್ಯೋದಯ ಸುಮಾರು 5:15, ದಾವಣಗೆರೆಯಲ್ಲಿ 5:59. ವ್ಯತ್ಯಾಸ 44 ನಿಮಿಷ. ಅದೇ ದಿನ ಸೂರ್ಯಾಸ್ತ ಅಲ್ಲಿ 6:49, ಇಲ್ಲಿ 6:58, ಬರೀ 9 ನಿಮಿಷ. ಡಿಸೆಂಬರ್ 21ಕ್ಕೆ ಸೂರ್ಯೋದಯ ಅಲ್ಲಿ 6:37, ಇಲ್ಲಿ 6:46. ಸೂರ್ಯಾಸ್ತ ಅಲ್ಲಿ 5:19, ಇಲ್ಲಿ 6:02.

ತಿದ್ದುಪಡಿಯನ್ನು ಪುಸ್ತಕದ ರಾಷ್ಟ್ರೀಯ ತಿಂಗಳುಗಳಿಗೇ ಕಟ್ಟಿಬಿಡಬಹುದು. ಆ ತಿಂಗಳುಗಳ ಮೊದಲ ತಾರೀಖಿನ ಸೂರ್ಯೋದಯಕ್ಕೆ ದಾವಣಗೆರೆಯಲ್ಲಿ ಕೂಡಿಸಬೇಕಾದ ನಿಮಿಷಗಳು ಇವು: ಚೈತ್ರ 26, ವೈಶಾಖ 34, ಜ್ಯೇಷ್ಠ 41, ಆಷಾಢ 44, ಶ್ರಾವಣ 41, ಭಾದ್ರಪದ 34, ಆಶ್ವಿನ 26, ಕಾರ್ತಿಕ 18, ಅಗ್ರಹಾಯಣ ಅಂದರೆ ನಮ್ಮ ಮಾರ್ಗಶಿರ 12, ಪುಷ್ಯ 9, ಮಾಘ 12, ಫಾಲ್ಗುಣ 19. ನಡುವಿನ ದಿನಗಳಿಗೆ ಅಂದಾಜಿನಲ್ಲಿ ಹಂಚಿಕೊಳ್ಳಿ. ಸೂರ್ಯಾಸ್ತಕ್ಕೆ ಬೇರೆ ಪಟ್ಟಿ ಬೇಡ, ಮೇಲಿನ ಅಂಕಿಯನ್ನು 53ರಲ್ಲಿ ಕಳೆದು ಉಳಿದದ್ದನ್ನು ಕೂಡಿಸಿ. ಚಿತ್ರದುರ್ಗದವರು ಸೂರ್ಯೋದಯ, ಸೂರ್ಯಾಸ್ತ ಎರಡರಲ್ಲೂ ದಾವಣಗೆರೆಯ ಸಮಯಕ್ಕಿಂತ 2 ನಿಮಿಷ ಕಡಿಮೆ ಹಿಡಿಯಲಿ.

ಈ ಪಟ್ಟಿಯನ್ನು ಒಮ್ಮೆ ಪುಸ್ತಕದ ರಟ್ಟಿನ ಒಳಬದಿಗೆ ಅಂಟಿಸಿಕೊಂಡರೆ ಮುಂದಿನ ವರ್ಷಕ್ಕೂ ಅದೇ, ಹತ್ತು ವರ್ಷ ಕಳೆದರೂ ಅದೇ. ಸಾಹಾ ಸಮಿತಿ ಕಟ್ಟಿದ ತಿಂಗಳುಗಳ ಗುಣ ಇದು. ಚೈತ್ರ 1 ಹಗಲು ರಾತ್ರಿ ಸಮವಾಗುವ ಮಾರನೇ ದಿನಕ್ಕೆ, ಆಷಾಢ 1 ಅತಿ ಉದ್ದ ಹಗಲಿನ ಹೊತ್ತಿಗೆ, ಪುಷ್ಯ 1 ಅತಿ ಗಿಡ್ಡ ಹಗಲಿನ ಹೊತ್ತಿಗೆ ಬೀಳುವಂತೆ ಜೋಡಿಸಿದ್ದಾರೆ. ವೈಶಾಖದಿಂದ ಭಾದ್ರಪದದವರೆಗಿನ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30. ಇದೂ ಸುಮ್ಮನೆ ಇಟ್ಟದ್ದಲ್ಲ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತದೆ, ನಿಧಾನವಾಗಿ ಚಲಿಸುತ್ತದೆ. ಹಾಗಾಗಿ ಬೇಸಿಗೆ ಕಡೆಯ ಅರ್ಧ ವರ್ಷವೇ ಒಂದು ವಾರದಷ್ಟು ಉದ್ದ. ಚಾಂದ್ರಮಾನದ ತಿಂಗಳಿಗೆ ಇಂಥ ಪಟ್ಟಿ ಮಾಡಲು ಬರುವುದಿಲ್ಲ, ಅದು ಋತುವಿನ ಮೇಲೆ ವರ್ಷವರ್ಷವೂ ಹಿಂದೆಮುಂದೆ ಓಡಾಡುತ್ತದೆ.

ಸೂರ್ಯೋದಯ ತಿದ್ದದೆ ಬಿಟ್ಟರೆ ತಿಥಿ ಸರಿಯಿದ್ದರೂ ದಿನ ತಪ್ಪಬಹುದು. ಆಷಾಢದ ಆರಂಭದಲ್ಲಿ ಒಂದು ಏಕಾದಶಿ ಬೆಳಗ್ಗೆ 5:40ಕ್ಕೆ ಮುಗಿಯಿತು ಎಂದಿಟ್ಟುಕೊಳ್ಳಿ. ಕೇಂದ್ರದ ಸೂರ್ಯೋದಯ 5:15, ಆದ್ದರಿಂದ ಆ ದಿನಕ್ಕೆ ಪುಸ್ತಕ ಏಕಾದಶಿ ಎನ್ನುತ್ತದೆ. ದಾವಣಗೆರೆಯಲ್ಲಿ 5:59ಕ್ಕೆ ಸೂರ್ಯ ಹುಟ್ಟುವಾಗ ದ್ವಾದಶಿ ಬಂದಾಗಿದೆ. ನಮ್ಮ ಉದಯ ತಿಥಿ, ಅಂದರೆ ಸೂರ್ಯ ಹುಟ್ಟುವಾಗ ಇರುವ ತಿಥಿ, ದ್ವಾದಶಿ. ವರ್ಷದ ಸರಾಸರಿ ಅಂತರ 26 ನಿಮಿಷ ಎಂದರೆ, ಲೆಕ್ಕದ ಪ್ರಕಾರ ವರ್ಷಕ್ಕೆ ಆರೇಳು ದಿನ ಹೀಗೆ ಉದಯ ತಿಥಿ ಬದಲಾಗುತ್ತದೆ. ತಿಥಿಯ ಅಂತ್ಯ ಬೆಳಗ್ಗೆ ಐದರಿಂದ ಏಳರ ನಡುವೆ ಬಿದ್ದ ದಿನಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಅವನ್ನಷ್ಟೇ ತಾಳೆ ನೋಡಿದರೆ ಸಾಕು. ಈ ವಿಷಯದಲ್ಲಿ ನಮ್ಮ ನಾಡಿನ ಪಂಚಾಂಗಗಳೇ ವಾಸಿ ಎಂದು ಒಪ್ಪಬೇಕು. ಮೈಸೂರಿನ ಸೂರ್ಯೋದಯಕ್ಕೂ ನಮ್ಮದಕ್ಕೂ ಹೆಚ್ಚೆಂದರೆ ಏಳು ನಿಮಿಷದ ಅಂತರ.

ರಾಹುಕಾಲ ನೋಡುವವರಿಗೂ ಇಷ್ಟು ಹೇಳಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ವರ್ಷವಿಡೀ 7:30ರಿಂದ 9 ಎಂದಿರುತ್ತದೆ. ಹಗಲನ್ನು ಎಂಟು ಪಾಲು ಮಾಡಿ ಎರಡನೆಯದನ್ನು ಹಿಡಿಯಬೇಕೆಂಬುದು ಮೂಲ ಲೆಕ್ಕ. ದಾವಣಗೆರೆಯ ನಿಜವಾದ ಹಗಲಿಗೆ ಹಚ್ಚಿದರೆ ಜೂನ್ ಕೊನೆಯಲ್ಲಿ ಅದು 7:36ರಿಂದ 9:14, ಡಿಸೆಂಬರ್ ಕೊನೆಯಲ್ಲಿ 8:10ರಿಂದ 9:35.

ಚಂದ್ರೋದಯ ಇನ್ನಷ್ಟು ತೊಡಕು. ಸಂಕಷ್ಟಿ ಮಾಡುವವರು ಉಪವಾಸವಿದ್ದು ಕಾಯುವುದು ಇದಕ್ಕೇ, ಆದ್ದರಿಂದ ತಪ್ಪಿದರೆ ತೊಂದರೆಯೂ ಹೆಚ್ಚು. ಚಂದ್ರ ಸೂರ್ಯನಿಗಿಂತ ಇನ್ನೂ ಉತ್ತರಕ್ಕೆ, ಇನ್ನೂ ದಕ್ಷಿಣಕ್ಕೆ ಹೋಗಬಲ್ಲ. ಅವನು ದೂರ ದೂರ ತೂಗುವ ವರ್ಷಗಳಲ್ಲಿ ಕೇಂದ್ರದ ಚಂದ್ರೋದಯಕ್ಕೂ ನಮ್ಮದಕ್ಕೂ ಅಂತರ 5 ನಿಮಿಷದಿಂದ 50 ನಿಮಿಷದವರೆಗೆ ಎಲ್ಲಿ ಬೇಕಾದರೂ ಇರಬಹುದು. ತಿಂಗಳಿಗೆ ಕಟ್ಟಿದ ಪಟ್ಟಿ ಇಲ್ಲಿ ನಡೆಯುವುದಿಲ್ಲ. ಚಂದ್ರೋದಯಕ್ಕೆ ದಾವಣಗೆರೆಯ ಅಕ್ಷಾಂಶ ರೇಖಾಂಶ ಹಾಕಿ ತೆಗೆದ ಸಮಯವನ್ನೇ ಬಳಸಿ, ಈ ಪುಸ್ತಕದ ಕೇಂದ್ರದ ಅಂಕಿಯನ್ನು ಮುಟ್ಟಬೇಡಿ.

ಇನ್ನು ದಿನಾಂಕ. ಸಾಹಾ ಅವರ ರಾಜಕಾರಣದ ಭಾಗ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಇಲ್ಲಿ ಕಾಣುತ್ತದೆ. ಸೂರ್ಯಸಿದ್ಧಾಂತದ ವರ್ಷ 365.258756 ದಿನ. ಋತುಗಳ ವರ್ಷ 365.2422 ದಿನ. ವರ್ಷಕ್ಕೆ ಸುಮಾರು 24 ನಿಮಿಷದ ಹೆಚ್ಚುವರಿ ಸೇರುತ್ತ ಹೋಗಿ 1400 ವರ್ಷದಲ್ಲಿ 23 ದಿನವಾಗಿದೆ. ಉತ್ತರಾಯಣ ಆಕಾಶದಲ್ಲಿ ಶುರುವಾಗುವುದು ಡಿಸೆಂಬರ್ 21–22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ಇದನ್ನು ತಿದ್ದಬೇಕೆಂಬುದು ಸಾಹಾ ಅವರ ಪಟ್ಟು. ಆದರೆ ಹಬ್ಬಗಳನ್ನು ಒಂದೇ ಸಲಕ್ಕೆ ಇಪ್ಪತ್ಮೂರು ದಿನ ಜರುಗಿಸಲು ಯಾವ ಸರ್ಕಾರಕ್ಕೂ ಆಗದು. ಸಮಿತಿ ಎರಡು ದಾರಿ ಮಾಡಿತು: ಸರ್ಕಾರಿ ದಿನಾಂಕಕ್ಕೆ ಋತುವಿಗೆ ಕಟ್ಟಿದ ಸೌರ ತಿಂಗಳು, ಹಬ್ಬಕ್ಕೆ ಎಂದಿನ ಚಾಂದ್ರ ತಿಂಗಳು. ಜಾಣ ರಾಜಿ, ಆದರೆ ಎರಡಕ್ಕೂ ಅವೇ ಹೆಸರು ಇಟ್ಟಿದ್ದು ಮಾತ್ರ ದೊಡ್ಡ ಎಡವಟ್ಟು ಎಂದು ನಮ್ಮ ಅಭಿಪ್ರಾಯ. ರಾಷ್ಟ್ರೀಯ ಶ್ರಾವಣ ಪ್ರತಿವರ್ಷ ಜುಲೈ 23ಕ್ಕೆ ಶುರು. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಮನೆಯ ಶ್ರಾವಣ ಶುರುವಾಗುವುದು ಆಗಸ್ಟ್ 13ಕ್ಕೆ. ಮೂರು ವಾರ ಒಂದೇ ಪುಟದಲ್ಲಿ ಒಂದು ಕಡೆ ಶ್ರಾವಣ, ಇನ್ನೊಂದು ಕಡೆ ಆಷಾಢ. ಹೊಸಬರು ದಿಕ್ಕು ತಪ್ಪುವುದು ಸಹಜ.

ಇನ್ನೊಂದು ಎಡವಟ್ಟು ಯುಗಾದಿಯದು. ಪುಸ್ತಕದ ವರ್ಷ ಮಾರ್ಚ್ 22ಕ್ಕೆ ತೆರೆಯುತ್ತದೆ. ಯುಗಾದಿ ಅದಕ್ಕಿಂತ ಮೊದಲೇ ಬಂದರೆ ಹೊಸ ಪುಸ್ತಕದಲ್ಲಿ ಹೊಸ ವರ್ಷದ ಹಬ್ಬವೇ ಇರುವುದಿಲ್ಲ. 2026ರ ಯುಗಾದಿ ಮಾರ್ಚ್ 19ಕ್ಕೆ ಬಂತು, ಅದು ಶಕ 1947ರ ಫಾಲ್ಗುಣ 28. ಅಂಥ ವರ್ಷಗಳಲ್ಲಿ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ರಾಷ್ಟ್ರೀಯ ದಿನಾಂಕ ಬಳಕೆಯಲ್ಲೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕರ್ನಾಟಕ ರಾಜ್ಯಪತ್ರದ ತಲೆಯ ಮೇಲೆ ಇಸವಿಯ ಪಕ್ಕದಲ್ಲೇ ಶಕವರ್ಷದ ದಿನಾಂಕ ಇರುತ್ತದೆ. ಈ ದಿನಾಂಕ ಹಾಕಿದ ಚೆಕ್ಕನ್ನು ಬ್ಯಾಂಕುಗಳು ತೆಗೆದುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಸೂಚನೆಯೂ ಇದೆ. ಅಧಿಕ ವರ್ಷ ಕಂಡುಹಿಡಿಯಲು ಶಕಕ್ಕೆ 78 ಕೂಡಿಸಿ: 1950 ಮತ್ತು 78 ಸೇರಿದರೆ 2028. ಆ ವರ್ಷ ಚೈತ್ರ ಮಾರ್ಚ್ 21ಕ್ಕೇ ಶುರುವಾಗಿ 31 ದಿನ ಇರುತ್ತದೆ. ವೈಶಾಖದಿಂದ ಎಲ್ಲ ಎಂದಿನಂತೆ. ಹಾಗಾಗಿ ಸ್ವಾತಂತ್ರ್ಯ ದಿನ ಯಾವಾಗಲೂ ಶ್ರಾವಣ 24, ರಾಜ್ಯೋತ್ಸವ ಯಾವಾಗಲೂ ಕಾರ್ತಿಕ 10, ಗಣರಾಜ್ಯ ದಿನ ಯಾವಾಗಲೂ ಮಾಘ 6.

ನಮ್ಮ ಕಡೆಯ ರೈತರಿಗೆ ತಿಥಿಗಿಂತ ಮಳೆ ನಕ್ಷತ್ರ ಮುಖ್ಯ. ಮೆಕ್ಕೆಜೋಳ, ಶೇಂಗಾ ಬಿತ್ತನೆಯ ಮಾತೆಲ್ಲ ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಯ ಲೆಕ್ಕದಲ್ಲೇ. ಸೂರ್ಯನ ನಿರಯನ ಸ್ಫುಟ, ಅಂದರೆ ನಕ್ಷತ್ರ ಚಕ್ರದಲ್ಲಿ ಅವನಿರುವ ಸ್ಥಾನ, 40 ಡಿಗ್ರಿ ದಾಟಿದ ದಿನ ರೋಹಿಣಿ ಮಳೆ ಹುಟ್ಟುತ್ತದೆ, 53 ಡಿಗ್ರಿ 20 ಕಲೆಗೆ ಮೃಗಶಿರಾ, 66 ಡಿಗ್ರಿ 40 ಕಲೆಗೆ ಆರಿದ್ರಾ. ಈಗಿನ ಲೆಕ್ಕದಲ್ಲಿ ಮೇ 25, ಜೂನ್ 8, ಜೂನ್ 22ರ ಹತ್ತಿರ. ಆದರೆ ನಕ್ಷತ್ರಕ್ಕೆ ಕಟ್ಟಿದ ಈ ತಾರೀಖುಗಳು ಸುಮಾರು 71 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತವೆ. ಮುಂಗಾರು ಸೂರ್ಯನ ಉತ್ತರ ದಕ್ಷಿಣ ಓಡಾಟಕ್ಕೆ ಕಟ್ಟಿದ್ದು, ಅದು ಸರಿಯುವುದಿಲ್ಲ. 950 ವರ್ಷದಲ್ಲಿ ಒಂದು ಇಡೀ ಮಳೆ ನಕ್ಷತ್ರದಷ್ಟು ಅಂತರ ಬಿದ್ದಿರುತ್ತದೆ. ಹಳೆಯ ಗಾದೆಯ ರೋಹಿಣಿ ಮಳೆ ಮತ್ತು ಇಂದಿನ ರೋಹಿಣಿ ಮಳೆ ಒಂದೇ ಹದದ್ದಾಗಿರಬೇಕಿಲ್ಲ. ಸಾಹಾ ಋತುವಿಗೆ ತಿಂಗಳು ಕಟ್ಟಬೇಕೆಂದು ಹಟ ಹಿಡಿದದ್ದು ಏಕೆ ಎಂದು ಹೊಲದಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ.

ನಕ್ಷತ್ರ ಚಕ್ರ ಎಲ್ಲಿಂದ ಶುರು ಎಂಬ ಹಳೆಯ ಜಗಳಕ್ಕೂ ಸಮಿತಿ ಒಂದು ಕೊನೆ ಕಾಣಿಸಿತು. ಚಿತ್ತಾ ನಕ್ಷತ್ರಕ್ಕೆ ನೇರ ಎದುರಿನ ಬಿಂದುವೇ ಮೇಷದ ಮೊದಲು. ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ಬಿಂದುವಿಗೂ ಇದಕ್ಕೂ ಇರುವ ಅಂತರವೇ ಅಯನಾಂಶ, ಅದು 1956ರ ಮಾರ್ಚ್ 21ಕ್ಕೆ 23 ಡಿಗ್ರಿ 15 ಕಲೆ. ವರ್ಷಕ್ಕೆ 50 ವಿಕಲೆ (60 ವಿಕಲೆಗೆ ಒಂದು ಕಲೆ) ಬೆಳೆಯುತ್ತ ಈಗ 24 ಡಿಗ್ರಿ ದಾಟಿದೆ. ಆ ಚಿತ್ತಾ ನಕ್ಷತ್ರವನ್ನು ಚಿತ್ರದುರ್ಗ ಜಿಲ್ಲೆಯವರು ಬರಿಗಣ್ಣಿನಲ್ಲೇ ಗುರುತಿಸಬಹುದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ದೊಡ್ಡ ತೇರು ಫಾಲ್ಗುಣದ ಹುಣ್ಣಿಮೆ ಕಳೆದು ಚಿತ್ತಾ ನಕ್ಷತ್ರದಲ್ಲಿ ಎಳೆಯುವುದು. ತೇರಿನ ರಾತ್ರಿ ಚಂದ್ರ ಮೇಲೆ ಬಂದ ಮೇಲೆ ಪೂರ್ವಕ್ಕೆ ನೋಡಿ. ಅವನ ಹತ್ತಿರದಲ್ಲೇ ನೀಲಿ ಛಾಯೆಯ ಬಿಳಿ ಚುಕ್ಕೆಯೊಂದು ಒಂಟಿಯಾಗಿ ಹೊಳೆಯುತ್ತಿರುತ್ತದೆ. ಅದೇ ಚಿತ್ತಾ. ಪುಸ್ತಕದ ಇಡೀ ನಕ್ಷತ್ರ ಲೆಕ್ಕ ನಿಂತಿರುವುದು ಆ ಚುಕ್ಕೆಯ ಮೇಲೆ.

ಶಾಲೆಗೆ ಈ ಪುಸ್ತಕ ಏಕೆ ಬೇಕು ಎಂಬುದಕ್ಕೆ ನಮ್ಮ ಮುಖ್ಯ ಕಾರಣ ನೆರಳಿನ ಪ್ರಯೋಗ. ಮೇಲೆ ಹೇಳಿದ 26 ನಿಮಿಷವನ್ನು ಮಕ್ಕಳು ಅಂಗಳದಲ್ಲಿಯೇ ಅಳೆಯಬಹುದು. ದಾವಣಗೆರೆಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 28–29ಕ್ಕೆ ಮತ್ತು ಆಗಸ್ಟ್ 13–14ಕ್ಕೆ. ರಾಷ್ಟ್ರೀಯ ದಿನಾಂಕದಲ್ಲಿ ವೈಶಾಖ 8–9, ಶ್ರಾವಣ 22–23. ಆಗಸ್ಟಿನಲ್ಲಿ ಮೋಡ ಕೈಕೊಡುವುದೇ ಹೆಚ್ಚು, ಏಪ್ರಿಲ್ಲೇ ಒಳ್ಳೆಯದು. ರಜೆಯಾದರೂ ಹತ್ತಿರದ ಮಕ್ಕಳನ್ನು ಕರೆಸಬಹುದು. 30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ತುಂಡನ್ನು ಬಿಳಿ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿ. ಗಾರೆ ಕೆಲಸದವರ ತೂಕದ ಗುಂಡಿನಿಂದ ನೇರ ನೋಡಿ, ರಸಮಟ್ಟದಿಂದ ನೆಲ ನೋಡಿ. ಈ ಎರಡರಲ್ಲಿ ಸೋಮಾರಿತನ ಮಾಡಿದರೆ ಪ್ರಯೋಗ ಕೆಡುತ್ತದೆ. ಪೈಪು ಕಾಲು ಡಿಗ್ರಿ ವಾಲಿದರೂ ಒಂದು ಮಿಲಿಮೀಟರಿಗಿಂತ ಹೆಚ್ಚು ಸುಳ್ಳು ನೆರಳು ಬೀಳುತ್ತದೆ. 12 ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡುತ್ತ ಹೋಗಿ, ಗಡಿಯಾರವನ್ನು ಮೊಬೈಲಿಗೆ ಸರಿಮಾಡಿಕೊಂಡಿರಿ. ದಾವಣಗೆರೆಯಲ್ಲಿ ನೆರಳು ಮಾಯವಾಗುವುದು 12:24ರ ಹೊತ್ತಿಗೆ, ಚಿತ್ರದುರ್ಗದಲ್ಲಿ 12:22ಕ್ಕೆ. ಆಗಸ್ಟಿನಲ್ಲಾದರೆ ದಾವಣಗೆರೆಗೆ 12:31.

ಏಪ್ರಿಲಿಗೂ ಆಗಸ್ಟಿಗೂ ಏಳು ನಿಮಿಷದ ಅಂತರ ಏಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕು. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಅಕ್ಷವೂ ವಾಲಿದೆ. ಆದ್ದರಿಂದ ನಿಜವಾದ ಸೂರ್ಯ ಗಡಿಯಾರದ ಸೂರ್ಯನಿಗಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ಇರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಎರಡೂವರೆ ನಿಮಿಷ ಮುಂದೆ, ಆಗಸ್ಟ್ ನಡುವೆ ನಾಲ್ಕೂವರೆ ನಿಮಿಷ ಹಿಂದೆ. ಪುಸ್ತಕದಲ್ಲಿ ಆ ದಿನದ ಸೂರ್ಯೋದಯ ಸೂರ್ಯಾಸ್ತಗಳನ್ನು ಕೂಡಿಸಿ ಅರ್ಧ ಮಾಡಿ 26 ನಿಮಿಷ ಸೇರಿಸಿದರೆ ನಿಮ್ಮ ಅಂಗಳದ ನಡುಹಗಲು ಬರುತ್ತದೆ. ಅಳೆದದ್ದಕ್ಕೂ ಇದಕ್ಕೂ ಎರಡು ನಿಮಿಷದೊಳಗೆ ಹೊಂದಿದರೆ ಪ್ರಯೋಗ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಸಿಗುವ ಬಗೆ: ನಮ್ಮ ಪೇಟೆಯ ಅಂಗಡಿಗಳನ್ನು ನಂಬಿ ಕೂರಬೇಡಿ. ಪೊಸಿಷನಲ್ ಆಸ್ಟ್ರಾನಮಿ ಸೆಂಟರಿನ ಜಾಲತಾಣದಲ್ಲಿ ಪಿಡಿಎಫ್ ನೋಡಿ, ಬೇಕಾದ ತಿಂಗಳುಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಗೆ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿಕೊಳ್ಳಿ. ಅಂಕಿಗಳು ಒತ್ತಾಗಿರುವುದರಿಂದ ಒಂದು ಹಾಳೆಯಲ್ಲಿ ಎರಡು ಪುಟ ಹಾಕಿಸಿದರೆ 3, 8, 6 ಒಂದೇ ಥರ ಕಾಣುತ್ತವೆ. ಹಾಳೆಗೊಂದೇ ಪುಟ ಇರಲಿ. ಪ್ರಕಾಶಕರಿಗೆ ನಮ್ಮದು ಒಂದೇ ಬೇಡಿಕೆ. ಕನ್ನಡ ಆವೃತ್ತಿಯಲ್ಲಿ ಕರ್ನಾಟಕದ ಎಲ್ಲ ಜಿಲ್ಲಾ ಕೇಂದ್ರಗಳ ಸೂರ್ಯೋದಯದ ತಿದ್ದುಪಡಿಯನ್ನು, ಹನ್ನೆರಡು ತಿಂಗಳಿಗೆ ಹನ್ನೆರಡು ಅಂಕಿಯಂತೆ, ಒಂದೇ ಪುಟದಲ್ಲಿ ಕೊಡಿ. ತಿಂಗಳುಗಳನ್ನು ಋತುವಿಗೆ ಕಟ್ಟಿರುವುದರಿಂದ ಆ ಪುಟವನ್ನು ಒಮ್ಮೆ ಅಚ್ಚಿಗೆ ಜೋಡಿಸಿದರೆ ಮತ್ತೆ ಮುಟ್ಟುವ ಅಗತ್ಯವೇ ಬೀಳದು.